ತಪ್ಪಿನ ಪಾಲು ಹಂಚುವವರು

(ಕಾನೂನು ವಿದ್ಯಾರ್ಥಿಗಳ ವಾರಾಂತ್ಯದ ಕೂಟವೊಂದರಲ್ಲಿ ಆಡಿದ ಮಾತು)



ಅಮೆರಿಕದಲ್ಲಿ ರಸ್ತೆ ದಾಟುವಾಗ ವಾಹನ ಬಡಿದು ಗಾಯಗೊಂಡವರೊಬ್ಬರಿಗೆ ಜ್ಯೂರಿ ಇಷ್ಟು ಕೋಟಿ ಡಾಲರ್ ಪರಿಹಾರ ಕೊಡಿಸಿತು ಎಂಬ ಸುದ್ದಿ ಆಗಾಗ ಪತ್ರಿಕಾ ಕಚೇರಿಗೆ ಬರುತ್ತದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾವು ಮೊದಲು ಮಾಡುವ ಕೆಲಸ ಡಾಲರನ್ನು ರೂಪಾಯಿಗೆ ತಿರುಗಿಸುವುದು. ಸೊನ್ನೆಗಳು ಹೆಚ್ಚಾದಷ್ಟೂ ತಲೆಬರಹ ದಪ್ಪವಾಗುತ್ತದೆ. ಓದುಗರು ‘ಹೊಡೆದರೆ ಇಂಥ ಲಾಟರಿ ಹೊಡೆಯಬೇಕು’ ಎಂದು ನಕ್ಕು ಪುಟ ತಿರುವುತ್ತಾರೆ. ಅಂಥ ಸುದ್ದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಜ್ಯೂರಿ ಹಣದ ಮೊತ್ತವನ್ನಷ್ಟೇ ನಿರ್ಧರಿಸುವುದಿಲ್ಲ. ಯಾರ ತಪ್ಪು ನೂರಕ್ಕೆ ಎಷ್ಟು ಎಂಬುದನ್ನೂ ಹೇಳುತ್ತದೆ. ಇವತ್ತು ನಾನು ಮಾತಾಡುವುದು ಆ ನೂರರ ಲೆಕ್ಕದ ಬಗ್ಗೆ.

ಎರಡು ಪ್ರಕರಣ ಹೇಳುತ್ತೇನೆ.

ಮೊದಲನೆಯದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಗೆರಿಟ್ಸನ್ ಅವೆನ್ಯೂದು. ನೇರವಾದ, ಅಗಲವಾದ ರಸ್ತೆ. ವೇಗದ ಮಿತಿ ಗಂಟೆಗೆ 30 ಮೈಲಿ. 2004ರ ಡಿಸೆಂಬರಿನಲ್ಲಿ 12 ವರ್ಷದ ಹುಡುಗನೊಬ್ಬ ಅದನ್ನು ದಾಟುತ್ತಿದ್ದಾಗ ಕನಿಷ್ಠ 54 ಮೈಲಿ ವೇಗದಲ್ಲಿ ಬಂದ ಕಾರು ಬಡಿಯಿತು. ಹುಡುಗ ಸೈಕಲ್ ಮೇಲಿದ್ದ, ಆದ್ದರಿಂದ ಕಟ್ಟುನಿಟ್ಟಾಗಿ ಪಾದಚಾರಿಯಲ್ಲ. ಆದರೆ ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆ ರಸ್ತೆ ದಾಟುವ ಎಲ್ಲರದೂ ಹೌದು. ಜ್ಯೂರಿ ತಪ್ಪನ್ನು ಹೀಗೆ ಹಂಚಿತು: ಚಾಲಕನದು ಶೇಕಡ 50, ಹುಡುಗನದು 10, ಉಳಿದ 40 ನ್ಯೂಯಾರ್ಕ್ ನಗರಾಡಳಿತದ್ದು. ಪರಿಹಾರದ ಮೊತ್ತ ಸುಮಾರು ಎರಡು ಕೋಟಿ ಡಾಲರ್.

ಕಾರು ಓಡಿಸಿದವನು ಇನ್ನೊಬ್ಬ, ನಗರಾಡಳಿತ ಏನು ಮಾಡಿತ್ತು? ಏನೂ ಮಾಡಿರಲಿಲ್ಲ, ಆಪಾದನೆಯೇ ಅದು. ಅಲ್ಲಿ ವಾಹನಗಳು ಮಿತಿಮೀರಿ ಓಡುತ್ತವೆಂದು ನಿವಾಸಿಗಳು ಮೊದಲೇ ದೂರಿದ್ದರು. ಅಧಿಕಾರಿಗಳು ಸಿಗ್ನಲ್ ಬೇಕೇ ಎಂದು ಕೆಲವು ಕೂಡುರಸ್ತೆಗಳನ್ನು ಪರಿಶೀಲಿಸಿದರು, ಪೊಲೀಸರಿಗೆ ಪತ್ರ ಬರೆದರು. ಆದರೆ ರಸ್ತೆಯ ರಚನೆಯನ್ನೇ ಬದಲಿಸಿ ವೇಗ ತಗ್ಗಿಸಬಹುದೇ ಎಂಬ ಅಧ್ಯಯನ ನಡೆಸಲಿಲ್ಲ. ಅಗಲವಾದ ನೇರ ರಸ್ತೆ ಚಾಲಕನ ಕಾಲನ್ನು ತಾನಾಗಿಯೇ ಆಕ್ಸಲರೇಟರ್ ಮೇಲೆ ಒತ್ತಿಸುತ್ತದೆ ಎಂಬುದು ತಜ್ಞರ ಸಾಕ್ಷ್ಯದ ತಿರುಳು. ಇದು ಆಡಳಿತದ ವಿವೇಚನೆಗೆ ಬಿಟ್ಟ ವಿಷಯ, ಕೋರ್ಟು ಕೈಹಾಕುವಂತಿಲ್ಲ ಎಂದು ನಗರಾಡಳಿತ ವಾದಿಸಿತು. ಅಧ್ಯಯನ ಮಾಡಿ ನಿರ್ಧಾರ ಕೈಗೊಂಡಿದ್ದರೆ ಆ ರಕ್ಷಣೆ ಸಿಗುತ್ತಿತ್ತು, ಮಾಡಿಲ್ಲವಲ್ಲ ಎಂಬ ನೆಲೆಯಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಜ್ಯೂರಿಯ ತೀರ್ಮಾನವನ್ನು ಎತ್ತಿಹಿಡಿಯಿತು.

ಎರಡನೆಯದು ಜಾರ್ಜಿಯಾ ರಾಜ್ಯದ ಮರಿಯೆಟ್ಟಾದ್ದು. 2010ರ ಏಪ್ರಿಲ್, ಸಂಜೆ ಹೊತ್ತು. ಮೂರು ಮಕ್ಕಳೊಂದಿಗೆ ತಾಯಿಯೊಬ್ಬಳು ಬಸ್ಸಿಳಿದಳು. ಅವಳ ಮನೆ ರಸ್ತೆಯ ಆಚೆಬದಿಗೆ, ಬಸ್ ನಿಲ್ದಾಣದ ಎದುರಿಗೇ. ಪಟ್ಟೆ ಬಳಿದ ದಾಟುದಾರಿ ಇದ್ದದ್ದು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರದಲ್ಲಿ. ಜೊತೆಗೆ ಇಳಿದವರಂತೆ ಅವಳೂ ಅಲ್ಲಿಯೇ ದಾಟಿದಳು. ನಾಲ್ಕು ವರ್ಷದ ಮಗನಿಗೆ ವಾಹನ ಬಡಿದು ಅವನು ತೀರಿಕೊಂಡ. ಚಾಲಕ ನಿಲ್ಲಿಸದೆ ಹೋದ. ಹಾಗೆ ಹೋದದ್ದು ಅವನಿಗೆ ಮೊದಲ ಸಲವೂ ಅಲ್ಲ. ಅವನು ಆರು ತಿಂಗಳು ಜೈಲಿನಲ್ಲಿದ್ದು ಹೊರಬಂದ. ಇತ್ತ 2011ರ ಜುಲೈನಲ್ಲಿ ಜ್ಯೂರಿಯೊಂದು ತಪ್ಪಿತಸ್ಥಳೆಂದು ಹೇಳಿದ್ದು ಆ ತಾಯಿಯನ್ನು. ಆರೋಪ, ವಾಹನದಿಂದಾದ ನರಹತ್ಯೆ. ಅವಳ ಬಳಿ ವಾಹನವೇ ಇರಲಿಲ್ಲ. ಜ್ಯೂರಿಯಲ್ಲಿದ್ದವರಲ್ಲಿ ಯಾರೂ ನಿತ್ಯ ಬಸ್ಸಿನಲ್ಲಿ ಓಡಾಡುವವರಲ್ಲ ಎಂದು ಆಗ ವರದಿಯಾಗಿತ್ತು.

ಮೊದಲನೆಯದು ಪರಿಹಾರದ ದಾವೆ, ಎರಡನೆಯದು ಕ್ರಿಮಿನಲ್ ಮೊಕದ್ದಮೆ. ಕಾನೂನು ಓದುವ ನೀವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೆ ಎರಡರಲ್ಲೂ ಸಾಮಾನ್ಯ ನಾಗರಿಕರ ಮುಂದೆ ಇದ್ದ ಪ್ರಶ್ನೆಯ ಬುಡ ಒಂದೇ: ರಸ್ತೆಯ ನಡುವೆ ಕಾಲಿಟ್ಟವನ ಹೊಣೆ ಯಾರದು?

ಇದು ಹೊಸ ಪ್ರಶ್ನೆಯಲ್ಲ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬಾಕೆಗೆ ಪ್ರದರ್ಶನಕ್ಕೆ ತಂದಿದ್ದ ಮೋಟಾರು ಗಾಡಿ ಬಡಿಯಿತು. ಬ್ರಿಟನ್ನಿನಲ್ಲಿ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಆಕೆ. ಗಾಡಿ ಓಡುತ್ತಿದ್ದುದು ಗಂಟೆಗೆ ನಾಲ್ಕು ಮೈಲಿ ಎಂದು ಚಾಲಕ ಹೇಳಿದ. ವಿಚಾರಣೆಗೆ ಕೂತ ಜ್ಯೂರಿ ‘ಆಕಸ್ಮಿಕ ಮರಣ’ ಎಂದಿತು. ಇಂಥದು ಇನ್ನೊಮ್ಮೆ ನಡೆಯದಿರಲಿ ಎಂದು ಮರಣವಿಚಾರಣಾಧಿಕಾರಿ ಆಶಿಸಿದರಂತೆ. ಮೂರು ವರ್ಷದ ನಂತರ, 1899ರ ಸೆಪ್ಟೆಂಬರ್ 13ರಂದು, ನ್ಯೂಯಾರ್ಕಿನಲ್ಲಿ ಟ್ರಾಮಿನಿಂದ ಇಳಿಯುತ್ತಿದ್ದ ಹೆನ್ರಿ ಬ್ಲಿಸ್ ಅವರಿಗೆ ವಿದ್ಯುತ್ ಟ್ಯಾಕ್ಸಿ ಬಡಿಯಿತು. ಮರುದಿನ ಅವರು ತೀರಿಕೊಂಡರು. ಚಾಲಕನ ಬಂಧನವಾಯಿತು, ಬಿಡುಗಡೆಯೂ ಆಯಿತು.

ಆಮೇಲಿನ ಎರಡು ದಶಕಗಳಲ್ಲಿ ಅಮೆರಿಕದ ನಗರಗಳು ಸುಮ್ಮನಿರಲಿಲ್ಲ. ಜನ ಕಾರಿನ ಮೇಲೆ ಸಿಟ್ಟಿಗೆದ್ದಿದ್ದರು. 1923ರಲ್ಲಿ ಸಿನ್ಸಿನಾಟಿಯ 42,000 ಮಂದಿ ಒಂದು ಮನವಿಗೆ ಸಹಿ ಹಾಕಿದರು. ಪ್ರತಿ ಕಾರಿಗೂ ಗಂಟೆಗೆ 25 ಮೈಲಿ ಮೀರಿ ಓಡದಂತೆ ತಡೆಯುವ ಯಂತ್ರ ಜೋಡಿಸಬೇಕು ಎಂಬುದು ಬೇಡಿಕೆ. ಮೋಟಾರು ವ್ಯಾಪಾರಿಗಳು ಒಟ್ಟಾಗಿ ಪ್ರಚಾರ ಮಾಡಿದರು, ಮತದಾನದಲ್ಲಿ ಬೇಡಿಕೆ ಸೋತಿತು. ಅಲ್ಲಿಂದ ಮುಂದೆ ಉದ್ಯಮ ಎಚ್ಚೆತ್ತಿತು. ಕಂಡಲ್ಲಿ ರಸ್ತೆ ದಾಟುವವನಿಗೆ ‘ಜೇವಾಕರ್’ ಎಂಬ ಹೆಸರು ಊರೂರಿಗೆ ಹರಡಿತು. ‘ಜೇ’ ಎಂದರೆ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿಗಮಾರ. ಬೈಗುಳವೊಂದು ಕಾನೂನಾದ ಕಥೆ ಇದು. ಲಾಸ್ ಏಂಜಲೀಸ್ 1925ರಲ್ಲಿ ಮಾಡಿದ ಸಂಚಾರ ನಿಯಮ ಉಳಿದ ನಗರಗಳಿಗೆ ಮಾದರಿಯಾಯಿತು. ಒಂದು ತಲೆಮಾರಿನ ಹಿಂದೆ ಮಕ್ಕಳು ಆಡುತ್ತಿದ್ದ, ತಳ್ಳುಗಾಡಿಗಳು ನಿಲ್ಲುತ್ತಿದ್ದ ಬೀದಿಯಲ್ಲಿ ನಡೆಯುವವನೇ ಅತಿಕ್ರಮಿಸುವವನಾದ.

ಇದಕ್ಕೂ ಹಿಂದಿನ ಇಂಗ್ಲಿಷ್ ನ್ಯಾಯಸೂತ್ರವೊಂದು ಅವನನ್ನು ಮತ್ತಷ್ಟು ಕುಗ್ಗಿಸಿತು. 1809ರಲ್ಲಿ ಡರ್ಬಿ ಊರಿನವನೊಬ್ಬ ಮನೆ ರಿಪೇರಿಗೆಂದು ರಸ್ತೆಗೆ ಅಡ್ಡವಾಗಿ ಗಳ ಇಟ್ಟಿದ್ದ. ಹೆಂಡದಂಗಡಿಯಿಂದ ಹೊರಟ ಇನ್ನೊಬ್ಬ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿಕೊಂಡು ಬಂದು ಅದಕ್ಕೆ ಡಿಕ್ಕಿ ಹೊಡೆದು ಬಿದ್ದ. ಗಳ ಇಟ್ಟದ್ದು ತಪ್ಪೇ ಇರಬಹುದು, ಆದರೆ ಬಿದ್ದವನೂ ಎಚ್ಚರದಿಂದಿರಲಿಲ್ಲ, ಹಾಗಾಗಿ ಅವನಿಗೆ ಏನೂ ಸಿಗದು ಎಂಬುದು ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಅವರ ನಿಲುವು. ಗಾಯಾಳುವಿನ ಪಾಲು ಎಷ್ಟೇ ಸಣ್ಣದಿರಲಿ, ಪರಿಹಾರ ಪೂರ್ತಿ ಸೊನ್ನೆ. ಅದರ ಕಠೋರತೆಯನ್ನು ಸಡಿಲಿಸಲು 1842ರಲ್ಲಿ ಒಂದು ಕತ್ತೆಯೇ ಸಾಯಬೇಕಾಯಿತು. ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ ಕತ್ತೆಯ ಮೇಲೆ ಗಾಡಿ ಹರಿಯಿತು. ಕತ್ತೆಯನ್ನು ಅಲ್ಲಿ ಬಿಟ್ಟದ್ದು ತಪ್ಪಾದರೂ ತಪ್ಪಿಸುವ ಅವಕಾಶ ಗಾಡಿಯವನಿಗಿತ್ತು ಎಂದಿತು ನ್ಯಾಯಾಲಯ. ಇಲ್ಲದಿದ್ದರೆ ರಸ್ತೆಯಲ್ಲಿ ಮಲಗಿ ನಿದ್ರಿಸುವವನ ಮೇಲೆ ಗಾಡಿ ಓಡಿಸಿದರೂ ಸರಿ ಎನ್ನಬೇಕಾದೀತು ಎಂಬುದು ಅದರ ತರ್ಕ.

ಅಮೆರಿಕದ ರಾಜ್ಯಗಳು ಈ ಸೂತ್ರವನ್ನು ನಿಧಾನಕ್ಕೆ ಕೈಬಿಟ್ಟವು. ಮಿಸಿಸಿಪ್ಪಿ 1910ರಲ್ಲಿ, ಕ್ಯಾಲಿಫೋರ್ನಿಯಾ 1975ರಲ್ಲಿ. ಅಲಬಾಮ, ಮೇರಿಲ್ಯಾಂಡ್, ಉತ್ತರ ಕೆರೊಲಿನಾ, ವರ್ಜೀನಿಯಾ ಇನ್ನೂ ಹಳೆಯದಕ್ಕೇ ಅಂಟಿಕೊಂಡಿವೆ. ಇದರ ಪರಿಣಾಮ ಲೆಕ್ಕದಲ್ಲಿ ನೋಡಿ. ಪಾದಚಾರಿಯೊಬ್ಬನಿಗೆ ಹತ್ತು ಲಕ್ಷ ಡಾಲರ್ ನಷ್ಟವಾಗಿದೆ, ಅವನ ತಪ್ಪು ಶೇಕಡ ಹತ್ತು ಎಂದು ಜ್ಯೂರಿ ಹೇಳಿತೆನ್ನಿ. ಕ್ಯಾಲಿಫೋರ್ನಿಯಾದಲ್ಲಿ ಅವನಿಗೆ ಒಂಬತ್ತು ಲಕ್ಷ. ಮೇರಿಲ್ಯಾಂಡಿನಲ್ಲಿ ಬಸ್ ಚಾರ್ಜೂ ಇಲ್ಲ. ನಡುವಿರುವ ವಾಷಿಂಗ್ಟನ್ ರಾಜಧಾನಿ 2016ರಲ್ಲಿ ಕಾಯಿದೆ ಮಾಡಿ, ತಪ್ಪು ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಪಾದಚಾರಿಗೂ ಸೈಕಲ್ ಸವಾರನಿಗೂ ಪರಿಹಾರ ಇಲ್ಲವೆಂದಿತು.

ಇನ್ನು ಮೊತ್ತ. ಎರಡು ಕೋಟಿ ಡಾಲರ್ ಎಲ್ಲಿಂದ ಬರುತ್ತದೆ? ಆಸ್ಪತ್ರೆಯ ಬಿಲ್ಲು ಅಲ್ಲಿ ಭೀಕರ. ಬೆನ್ನುಹುರಿಗೋ ಮಿದುಳಿಗೋ ಪೆಟ್ಟಾದ ಮಗುವಿಗೆ ಮುಂದಿನ ಐವತ್ತು ವರ್ಷದ ಶುಶ್ರೂಷೆಯ ಖರ್ಚನ್ನು ಒಂದೇ ಸಲ ಲೆಕ್ಕ ಹಾಕಿಸಿ ಕೊಡಿಸಬೇಕು. ಆಮೇಲೆ ಗಳಿಸಲಾಗದೆ ಹೋಗುವ ಸಂಬಳ. ಅದರ ಮೇಲೆ ನೋವು, ಸಂಕಟ. ಇದಕ್ಕೆ ಕೋಷ್ಟಕವಿಲ್ಲ, ಜ್ಯೂರಿಯ ಮನಸ್ಸೇ ಅಳತೆ. ಅಲ್ಲದೆ ವಕೀಲರು ಮುಂಗಡ ಫೀಸು ಪಡೆಯದೆ, ಗೆದ್ದರೆ ಮೂರನೇ ಒಂದು ಭಾಗದಷ್ಟು ತೆಗೆದುಕೊಳ್ಳುವುದು ರೂಢಿ. ಮೊತ್ತ ಅತಿಯಾಯಿತೆನಿಸಿದರೆ ನ್ಯಾಯಾಧೀಶರು ಇಳಿಸಬಹುದು. ನಮ್ಮ ಪತ್ರಿಕೆಗಳಲ್ಲಿ ಏರಿದ ಮೊತ್ತ ಅಚ್ಚಾದಷ್ಟು ಇಳಿದದ್ದು ಅಚ್ಚಾಗುವುದಿಲ್ಲ.

ಚಾಲಕನನ್ನು ಬಿಟ್ಟು ನಗರಾಡಳಿತ, ಬಸ್ ಸಂಸ್ಥೆ, ಕಂಪನಿಗಳ ಬೆನ್ನು ಹತ್ತುವುದಕ್ಕೂ ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಗಾಯಾಳುವಿಗೆ ಕಾರಿನ ಕಡ್ಡಾಯ ವಿಮೆ ದಶಕಗಳ ಕಾಲ 15,000 ಡಾಲರ್ ಇತ್ತು. 30,000ಕ್ಕೆ ಏರಿದ್ದು 2025ರ ಜನವರಿಯಲ್ಲಿ. ತೀವ್ರ ನಿಗಾ ಘಟಕದಲ್ಲಿ ಅಷ್ಟು ಹಣ ಎಷ್ಟು ದಿನಕ್ಕೆ ಬಂದೀತು? ಹಣವಿರುವವನನ್ನು ಹುಡುಕುವ ಈ ಪರಿಪಾಠ ಅನ್ಯಾಯವೆಂದು ನಗರಾಡಳಿತಗಳು ದೂರುತ್ತವೆ. ಶೇಕಡ ಒಂದು ತಪ್ಪಿಗೆ ಪೂರ್ತಿ ದಂಡ ತೆರಬೇಕಾಗುತ್ತಿತ್ತು ಎಂಬ ಅಳಲಿನಲ್ಲಿ ನಿಜವೂ ಇತ್ತು. ಅದಕ್ಕೇ ಕ್ಯಾಲಿಫೋರ್ನಿಯಾದ ಮತದಾರರು 1986ರಲ್ಲಿ, ನೋವು-ಸಂಕಟದ ಬಾಬತ್ತಿಗೆ ಅವರವರ ಪಾಲಿನಷ್ಟೇ ಹೊಣೆ ಎಂದು ನಿಯಮ ತಿದ್ದಿದರು. ನನಗನಿಸುವುದು ಇಷ್ಟು: ದೊಡ್ಡ ಮೊತ್ತದ ಭಯವಿಲ್ಲದಿದ್ದರೆ ಗೆರಿಟ್ಸನ್ ಅವೆನ್ಯೂವಿನ ದೂರಿನ ಕಡತವನ್ನು ಹೊರಗಿನವರು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ.

ನಮ್ಮಲ್ಲಿ ಇಂಥ ಸುದ್ದಿ ಹುಟ್ಟದಿರುವುದೇಕೆ ಎಂದು ಕೇಳುವಿರಿ. ನಮ್ಮಲ್ಲಿ ಜ್ಯೂರಿಯೇ ಇಲ್ಲ. 1959ರ ನಾನಾವತಿ ಪ್ರಕರಣದ ನಂತರ ಅದು ಹಿಂದೆ ಸರಿದು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಗವನ್ನೇ ಕಳೆದುಕೊಂಡಿತು. ಅಪಘಾತ ಪರಿಹಾರ ನಿರ್ಧರಿಸುವುದು ಮೋಟಾರು ಅಪಘಾತ ನ್ಯಾಯಮಂಡಳಿ. ಸತ್ತವರ ವರಮಾನ, ವಯಸ್ಸು ನೋಡಿ ಗುಣಿಸುವ ಕೋಷ್ಟಕವನ್ನು ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿದೆ. ಲೆಕ್ಕ ಚೊಕ್ಕ, ಅಚ್ಚರಿ ಕಡಿಮೆ. ಆದರೆ ರಸ್ತೆ ಮಾಡಿದವರ ಪಾಲೆಷ್ಟು ಎಂಬ ಕಾಲಂ ಆ ಕೋಷ್ಟಕದಲ್ಲಿಲ್ಲ.

ಇತ್ತೀಚೆಗೆ ಅಮೆರಿಕದಲ್ಲಿ ಗಾಳಿ ಕೊಂಚ ತಿರುಗಿದೆ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ, ತಕ್ಷಣದ ಅಪಾಯವಿಲ್ಲದಿದ್ದರೆ ಪಟ್ಟೆಯಿಲ್ಲದ ಕಡೆ ದಾಟಿದವರಿಗೆ ಪೊಲೀಸರು ದಂಡ ಹಾಕುವಂತಿಲ್ಲ. ನ್ಯೂಯಾರ್ಕ್ ನಗರವೂ 2024ರಲ್ಲಿ ಹಾಗೆ ದಾಟುವುದನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು.

ಮರಿಯೆಟ್ಟಾದ ಆ ತಾಯಿಯ ಕಥೆ ಅರ್ಧಕ್ಕೆ ಬಿಟ್ಟೆ. ಅವಳಿಗೆ ಮೂರು ವರ್ಷದವರೆಗೆ ಸೆರೆಯಾಗಬಹುದಿತ್ತು. ದೇಶದಾದ್ಯಂತ ಗದ್ದಲವೆದ್ದಿತು. ನ್ಯಾಯಾಧೀಶರು ಜೈಲಿಗೆ ಕಳಿಸದೆ ಒಂದು ವರ್ಷದ ಪ್ರೊಬೇಷನ್ ವಿಧಿಸಿ, ಬೇಕಿದ್ದರೆ ಹೊಸದಾಗಿ ವಿಚಾರಣೆ ಕೇಳಬಹುದು ಎಂದರು. ಅವಳು ಕೇಳಿದಳು. 2013ರಲ್ಲಿ ನರಹತ್ಯೆಯ ಆರೋಪ ಬಿಟ್ಟುಹೋಯಿತು. ಸಲ್ಲದ ಜಾಗದಲ್ಲಿ ರಸ್ತೆ ದಾಟಿದ್ದಕ್ಕಾಗಿ ಅವಳು 200 ಡಾಲರ್ ದಂಡ ಕಟ್ಟಿದಳು.