ಮೇ ತಿಂಗಳ ವಿದ್ಯಾರ್ಥಿ, ಜನವರಿಯ ತೊಗರಿ

(ಬೇಸಿಗೆ ತರಬೇತಿಗೆ ಬಂದ ವಿದ್ಯಾರ್ಥಿಗಳು ಹಾಗೂ ರೈತರ ಮುಂದೆ ಮಾದನಹಿಪ್ಪರಗಾದಲ್ಲಿ ಆಡಿದ ಮಾತುಗಳ ಬರಹರೂಪ)



ಬೇಸಿಗೆ ರಜೆ ಬಂತೆಂದರೆ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಈಗ ‘ಸಾರ್ವಜನಿಕ ನೀತಿ’ ಕಲಿಯಲು ಹೊರಡುತ್ತಾರೆ. ಆರು ವಾರ, ಎಂಟು ವಾರ. ಇದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು. ಕೆಲವರು ದಿಲ್ಲಿಯ ನೀತಿ ಆಯೋಗಕ್ಕೆ, ಕೆಲವರು ಬೆಂಗಳೂರಿನ ಸಂಸ್ಥೆಗಳಿಗೆ, ಕೆಲವರು ಪ್ರಶ್ನೆಗಳ ಹಾಳೆ ಹಿಡಿದು ನಮ್ಮಂಥ ಊರಿಗೆ. ಯುಜಿಸಿಯವರು 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಚೌಕಟ್ಟಿನಲ್ಲಿ ಇಂಥ ತರಬೇತಿಗೆ ಕ್ರೆಡಿಟ್ಟನ್ನೂ ಇಟ್ಟಿದ್ದಾರೆ. ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ನೀತಿ ಕಲಿಯುವ ಜಾಗ ಮತ್ತು ನೀತಿಯ ಪೆಟ್ಟು ತಿನ್ನುವ ಜಾಗ ಎರಡೂ ಒಂದೇ ತಾಲೂಕಿನಲ್ಲಿವೆ.

ಬರ್ರಿ ಅಂತ ಮೊದಲು ಹೇಳ್ತೀನಿ. 1980ರ ದಶಕದಲ್ಲಿ ರೈತ ಸಂಘದವರು ಹಳ್ಳಿಗಳ ಬಾಯಿಗೆ ಹಲಗೆ ಹಾಕಿದ್ದರು: ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು. ಅದು ಸಾಲ ವಸೂಲಿಗೆ, ಜಪ್ತಿಗೆ ಬರುವವರಿಗೆ. ಕಲಿಯಲು ಬರುವವರಿಗೆ ಅಲ್ಲ. ಆದರೆ ನಿಮಗೂ ಒಂದು ಪ್ರಶ್ನೆ ಕೇಳಲೇಬೇಕು: ನೀವು ಇಲ್ಲಿಂದ ಬರಕೊಂಡು ಹೋಗುವ ಲೆಕ್ಕ ಯಾವ ತಿಂಗಳಿನದು?

ಯಾಕೆ ಕೇಳ್ತೀನಿ ಅಂದರೆ, ನಿಮ್ಮ ರಜೆ ಬರುವುದು ಏಪ್ರಿಲ್–ಮೇದಾಗ. ನಮ್ಮ ತೊಗರಿ ಬಿತ್ತುವುದು ಮಿರಗದ ಮಳೆ ಹಿಡಿದ ಮೇಲೆ, ಜೂನ್–ಜುಲೈದಾಗ. ಎಳ್ಳಮಾಸಿಯ ಹೊತ್ತಿಗೆ ಕೊಯಿಲು, ರಾಶಿ. ಜನವರಿ–ಫೆಬ್ರುವರಿಯಲ್ಲಿ ಚೀಲ ಕಲಬುರಗಿ ಮಾರುಕಟ್ಟೆಗೆ ಹೋಗುತ್ತದೆ. ಅದೇ ಹೊತ್ತಿಗೆ ಸೊಸೈಟಿಯ ಕಂತು, ಅಡತಿ ಅಂಗಡಿಯ ಬಾಕಿ, ಗೊಬ್ಬರದ ಉದ್ರಿ, ಮಗಳ ಮದುವೆ ಎಲ್ಲವೂ ಬಾಗಿಲಿಗೆ ಬಂದು ನಿಂತಿರುತ್ತವೆ. ಸಣ್ಣ ರೈತ ಮಾಲು ಇಟ್ಟುಕೊಂಡು ಕಾಯಲಾರ. ಮೇ ತಿಂಗಳಲ್ಲಿ ನೀವು ಮಾರುಕಟ್ಟೆಗೆ ಹೋಗಿ ಧಾರಣೆ ಕೇಳಿದರೆ ಸಿಗುವುದು ಮಾಲು ಹಿಡಿದಿಟ್ಟವನ ಧಾರಣೆ. ಅದು ಏರಿದ್ದರೆ ‘ರೈತರಿಗೆ ಒಳ್ಳೆಯ ಬೆಲೆ ಸಿಗುತ್ತಿದೆ’ ಎಂದು ವರದಿಯಲ್ಲಿ ಬರೆಯುತ್ತೀರಿ. ಆ ದಿನ ರೈತನ ಮನೆಯಲ್ಲಿ ಬೀಜಕ್ಕೆ ತೆಗೆದಿಟ್ಟ ತೊಗರಿ ಬಿಟ್ಟರೆ ಬೇರೆ ಕಾಳು ಇರುವುದಿಲ್ಲ.

ಸರಕಾರದ ನೀತಿಯೂ ಹೀಗೇ ಹೊತ್ತು ತಪ್ಪಿ ಬರುತ್ತದೆ. ಒಂದು ಉದಾಹರಣೆ ನೋಡ್ರಿ. 2015ರಲ್ಲಿ ಬರ ಬಿತ್ತು, ಪಟ್ಟಣದಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ದಿಲ್ಲಿ ಗಾಬರಿ ಬಿತ್ತು. 2016ರ ಜುಲೈಯಲ್ಲಿ ಮೊಜಾಂಬಿಕ್ ದೇಶದಿಂದ ವರ್ಷ ವರ್ಷ ಬೇಳೆಕಾಳು ತರಿಸುವ ಒಪ್ಪಂದ ಆಯಿತು. ಇತ್ತ ಬೆಲೆ ನೋಡಿದ ರೈತ ಹೆಚ್ಚು ಬಿತ್ತಿದ, ಮಳೆಯೂ ಕೈ ಹಿಡಿಯಿತು. 2015-16ರಲ್ಲಿ ದೇಶದ ತೊಗರಿ ಬೆಳೆ ಸುಮಾರು 26 ಲಕ್ಷ ಟನ್ ಇದ್ದದ್ದು 2016-17ರಲ್ಲಿ ಸುಮಾರು 49 ಲಕ್ಷ ಟನ್ ಆಯಿತು. ಬೋನಸ್ ಸೇರಿ ಬೆಂಬಲ ಬೆಲೆ 5,050 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಗಾಡಿ, ಟ್ರ್ಯಾಕ್ಟರುಗಳ ಸಾಲು. 2006ರಿಂದ ಇದ್ದ ತೊಗರಿ ರಫ್ತು ನಿಷೇಧವನ್ನು ತೆಗೆದದ್ದು ಯಾವಾಗ? 2017ರ ಸೆಪ್ಟೆಂಬರಿನಲ್ಲಿ. ಜನವರಿಯಲ್ಲಿ ಮಾರಿದ ರೈತನಿಗೆ ಸೆಪ್ಟೆಂಬರಿನ ಆದೇಶದಿಂದ ಏನು ಲಾಭ? ಬೆಲೆ ಏರಿದಾಗ ಆಮದಿಗೆ ಓಡುವ ಕಾಲು, ಬೆಲೆ ಇಳಿದಾಗ ನಡೆಯುವುದೇ ಇಲ್ಲ.

ನೀತಿ ಕಲಿಯುವವರು ಇದನ್ನು ಪುಸ್ತಕದಲ್ಲಿ ಓದಬಹುದು. ಆದರೆ ಒಂದು ಮನೆಯ ಪಟ್ಟಿಗಳಲ್ಲಿ ಅದನ್ನು ನೋಡಬೇಕು. ಯಾವ ದಿನ ಮಾರಿದ, ಎಷ್ಟಕ್ಕೆ ಮಾರಿದ, ಹಮಾಲಿ ಎಷ್ಟು, ಬಾಡಿಗೆ ಎಷ್ಟು, ಹಿಂದಿನ ಬಾಕಿಗೆ ಮುರಿದುಕೊಂಡದ್ದು ಎಷ್ಟು, ಕೈಗೆ ಬಂದದ್ದು ಎಷ್ಟು. ಆ ಪಟ್ಟಿ ಜಂತಿಗೆ ಸಿಗಿಸಿರುತ್ತದೆ, ಕೇಳಿದರೆ ಕೊಡುತ್ತಾರೆ.

ಇನ್ನು ಖರ್ಚಿನ ಲೆಕ್ಕ. 2025-26ರ ಮುಂಗಾರಿಗೆ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ ಎಂದು ಸಾರಿದರು. ಅದಕ್ಕೆ ಆಧಾರವಾಗಿ ಹಿಡಿದ ಖರ್ಚು ಕ್ವಿಂಟಲಿಗೆ 5,038 ರೂಪಾಯಿ. ಇದು ಇಡೀ ದೇಶದ ಸರಾಸರಿ. ಇದರಲ್ಲಿ ಕೈಯಿಂದ ಹಾಕಿದ ಖರ್ಚು ಮತ್ತು ಮನೆಮಂದಿಯ ದುಡಿಮೆ ಸೇರಿದೆ. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಸೇರಿಲ್ಲ. ಅವನ್ನೂ ಸೇರಿಸಿದ ಲೆಕ್ಕಕ್ಕೆ ಸಿ-2 ಅನ್ನುತ್ತಾರೆ. ಸ್ವಾಮಿನಾಥನ್ ಆಯೋಗದ ಮಾತೆತ್ತಿ ರೈತರು ಕೇಳುತ್ತಿರುವುದು ಸಿ-2ರ ಮೇಲೆ ಅರ್ಧದಷ್ಟು ಲಾಭ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಎಷ್ಟು ಹಣ ಅಡಗಿದೆ ಎಂಬುದನ್ನು ವಿದ್ಯಾರ್ಥಿಯಾದವನು ಮೊದಲು ತಿಳಿಯಬೇಕು.

ಸರಾಸರಿ ಎಂಬುದಕ್ಕೆ ನಮ್ಮ ಹೊಲದ ನೆಟೆ ರೋಗ ಗೊತ್ತಿರುವುದಿಲ್ಲ. 2022ರ ಮುಂಗಾರಿನ ತೊಗರಿ ಈ ಜಿಲ್ಲೆಯಲ್ಲಿ ನೆಟೆಗೆ ಸಿಕ್ಕು ನಿಂತಲ್ಲೇ ಒಣಗಿತು. ಮಾತಿಗೆ ಎಕರೆಗೆ 20,000 ಖರ್ಚು ಅಂತ ಹಿಡಿಯಿರಿ. 5 ಕ್ವಿಂಟಲ್ ಬಂದರೆ ಕ್ವಿಂಟಲಿಗೆ 4,000 ಬಿತ್ತು. ನೆಟೆ ಬಂದು 2 ಕ್ವಿಂಟಲ್ ಕೈಗೆ ಹತ್ತಿದರೆ 10,000 ಬಿತ್ತು. ಆಗ 8,000 ಕೊಟ್ಟರೂ ಪ್ರತಿ ಕ್ವಿಂಟಲಿಗೆ 2,000 ಲುಕ್ಸಾನು. ದಿಲ್ಲಿಯ ಕಾಗದದಲ್ಲಿ ಆ ವರ್ಷವೂ ರೈತ ಲಾಭದಲ್ಲೇ ಇರುತ್ತಾನೆ.

ಮೇ ತಿಂಗಳಲ್ಲಿ ನಮ್ಮಲ್ಲಿ ನೋಡುವಂಥದ್ದು ಏನೂ ಇಲ್ಲವೇ? ಇದೆ. ಮೇ ಅಂದರೆ ಸಾಲ ಹುಟ್ಟುವ ತಿಂಗಳು. ಬೀಜ, ಗೊಬ್ಬರ, ಎತ್ತು ಇಲ್ಲವೇ ಟ್ರ್ಯಾಕ್ಟರು, ಮಕ್ಕಳ ಶಾಲೆ ಫೀಜು ಎಲ್ಲಕ್ಕೂ ರೊಕ್ಕ ಬೇಕಾಗುವುದು ಮಿರಗಕ್ಕೆ ಮುಂಚೆ. ಬೆಲೆ ಕೇಳುವುದನ್ನು ಬಿಟ್ಟು, ಬೇಸಿಗೆಯಲ್ಲಿ ಬಂದವರು ಸಾಲ ಕೇಳಿರಿ. ಸರಕಾರ 2023-24ರ ಬಜೆಟ್ಟಿನಲ್ಲಿ ಸಹಕಾರಿ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಆ ಸಾಲ ಯಾರಿಗೆ? ಪಹಣಿಯಲ್ಲಿ ಹೆಸರಿದ್ದವರಿಗೆ. 1974ರ ಭೂಸುಧಾರಣೆಯ ನಂತರ ಗೇಣಿ ಕೊಡುವುದು ಕಾನೂನಿಗೆ ವಿರುದ್ಧ. ಹಾಗಂತ ಲಾವಣಿ ನಿಂತಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತದೆ. ಲಾವಣಿಗೆ ಮಾಡಿದವನ ಬೆವರು ಹೊಲದಲ್ಲಿ, ಹೆಸರು ಎಲ್ಲಿಯೂ ಇಲ್ಲ. ಅವನಿಗೆ ಸೊಸೈಟಿ ಸಾಲವಿಲ್ಲ. ಬೆಂಬಲ ಬೆಲೆಯ ಕೇಂದ್ರದಲ್ಲಿ ಹೆಸರು ಹಚ್ಚಲೂ ಪಹಣಿಯೇ ಬೇಕು. ಹೆಣ್ಣುಮಕ್ಕಳ ಪಾಡೂ ಇದೇ. ಕಳೆ ತೆಗೆಯುವವರು ಅವರು, ಕೊಯ್ಯುವವರು ಅವರು, ಪಹಣಿ ಗಂಡನ ಹೆಸರಿನಲ್ಲಿ. ಅವರಿಗೆ ಉಳಿಯುವುದು ವಾರದ ಕಂತಿನ ಕಿರುಸಾಲ. ಅದರ ವಸೂಲಿಯ ಕಾಟ ಎಷ್ಟು ಹೆಚ್ಚಿತೆಂದರೆ 2025ರಲ್ಲಿ ಕರ್ನಾಟಕ ಸರಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯಿದೆಯನ್ನೇ ತರಬೇಕಾಯಿತು.

ಸೊಸೈಟಿಯ ಪುಸ್ತಕ ನೋಡಿ ಮೋಸಹೋಗಬೇಡಿರಿ. ಬಡ್ಡಿ ಬೀಳಬಾರದೆಂದರೆ ಗಡುವಿನೊಳಗೆ ಅಸಲು ಪೂರ್ತಿ ಕಟ್ಟಬೇಕು. ರೈತ ನಾಲ್ಕು ದಿನದ ಮಟ್ಟಿಗೆ ಖಾಸಗಿಯವರಲ್ಲಿ ಹೆಚ್ಚಿನ ಬಡ್ಡಿಗೆ ಎತ್ತಿ, ಇಲ್ಲಿ ಕಟ್ಟಿ, ಮತ್ತೆ ಹೊಸ ಸಾಲ ತೆಗೆದು ಅಲ್ಲಿ ಕೊಡುತ್ತಾನೆ. ಹಳೇದು ಹೊಸದು ಮಾಡುವುದು ಅಂದರೆ ಇದೇ. ಪುಸ್ತಕದಲ್ಲಿ ಸಾಲ ತೀರಿತು. ಮನೆಯಲ್ಲಿ ಬೆಳೆಯಿತು. ಬಡ್ಡಿಯಿಲ್ಲದ ಸಾಲಕ್ಕೂ ಹೀಗೆ ಬಡ್ಡಿ ಇದೆ. ಅದು ಯಾವ ಅಂಕಿ-ಅಂಶದ ಕೋಷ್ಟಕದಲ್ಲಿಯೂ ಬರುವುದಿಲ್ಲ.

ವಿದ್ಯಾರ್ಥಿಗಳಿಂದ ಇಂಥ ಕೆಲಸ ಆದೀತೇ ಎಂದು ಯಾರಾದರೂ ಕೇಳಬಹುದು. ಆಗಿದೆ. ನೂರು ವರ್ಷಕ್ಕೂ ಹಿಂದೆ ಮದರಾಸು ವಿಶ್ವವಿದ್ಯಾಲಯದಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರು ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು, ರಜೆಯಲ್ಲಿ ಅವರವರ ಊರಿನ ಲೆಕ್ಕವನ್ನೇ ಬರಕೊಂಡು ಬನ್ನಿ ಎಂದರು. ಭೂಮಿ, ಕೂಲಿ, ಸಾಲ ಎಲ್ಲವೂ ಬಂತು. 1918ರಲ್ಲಿ ಅದು ಪುಸ್ತಕವಾಯಿತು. 1930ರ ದಶಕದಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಹೋಗಿ ಏನು ಬದಲಾಯಿತೆಂದು ನೋಡಿದರು. ಎರಡು ಪಾಠ ಇದರಲ್ಲಿವೆ. ಊರಿನವರೇ ಆದ ವಿದ್ಯಾರ್ಥಿಗಳಿಗೆ ಲೆಕ್ಕದ ಒಳಗಿನ ಲೆಕ್ಕ ಸಿಗುತ್ತದೆ. ಮತ್ತು ಒಮ್ಮೆ ಹೋದರೆ ಸಾಲದು, ತಿರುಗಿ ಹೋಗಬೇಕು.

ನಮ್ಮ ಊರಿನ ಮಕ್ಕಳು ಈ ತರಬೇತಿಗೆ ಹೋಗುತ್ತಾರೆಯೇ? ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ, ಲ್ಯಾಪ್‌ಟಾಪೂ ತಮ್ಮದೇ ತರಬೇಕು. ಬೇಸಿಗೆಯಲ್ಲಿ ಕೂಲಿಗೆ ಹೋಗಿ ಮುಂದಿನ ವರ್ಷದ ಫೀಜು ಕೂಡಿಸುವ ಹುಡುಗಿ ದಿಲ್ಲಿಯಲ್ಲಿ ಖೋಲಿ ಹಿಡಿದು ಇರಲು ಸಾಧ್ಯವೇ? 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿದಾಗ ದೊಡ್ಡ ದೊಡ್ಡ ಕಂಪನಿಗಳಲ್ಲಿ ಕಲಿಯುವವರಿಗೆ ತಿಂಗಳಿಗೆ 5,000 ರೂಪಾಯಿ ಇಟ್ಟರು. ಅದರಲ್ಲಿ 4,500 ಸರಕಾರದ್ದೇ. ಕಂಪನಿಯಲ್ಲಿ ಕಲಿತರೆ ರೊಕ್ಕ, ಗ್ರಾಮ ಪಂಚಾಯತಿಯಲ್ಲಿ ಕಲಿತರೆ ಯಾಕಿಲ್ಲ? ನೀತಿ ಬರೆಯುವ ಕೋಣೆಗೆ ಹೋಗುವ ದಾರಿಯಲ್ಲೇ ಬಡವರ ಮಕ್ಕಳನ್ನು ಜರಡಿ ಹಿಡಿದರೆ, ಆ ಕೋಣೆಯಿಂದ ಬಡವರ ನೀತಿ ಹೇಗೆ ಹೊರಬಂದೀತು?

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟೇ:

1. ತರಬೇತಿಯನ್ನು ಎರಡು ಭಾಗ ಮಾಡಿರಿ. ಮೇ ತಿಂಗಳಲ್ಲಿ ಸಾಲ ನೋಡಿರಿ, ಜನವರಿಯಲ್ಲಿ ಅದೇ ಮನೆಗಳಿಗೆ ಬಂದು ಬೆಲೆ ನೋಡಿರಿ.

2. ನೂರು ಮನೆಗೆ ಹತ್ತು ಪ್ರಶ್ನೆ ಕೇಳುವುದಕ್ಕಿಂತ ಹತ್ತು ಮನೆಯ ಇಡೀ ವರ್ಷದ ಲೆಕ್ಕ ಬರೆಯಿರಿ. ಅದರಲ್ಲಿ ಲಾವಣಿ ಮಾಡುವವರು, ಕೂಲಿಯವರು, ಒಂಟಿ ಹೆಣ್ಣುಮಕ್ಕಳು ಇರಲೇಬೇಕು.

3. ವರದಿ ಮೇಲಿನವರಿಗೆ ಹೋಗುವ ಮುಂಚೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿರಿ. ಸಾಲಗಾರರ ಹೆಸರು ಹೇಳಬೇಡಿರಿ, ಲೆಕ್ಕ ಹೇಳಿರಿ. ತಪ್ಪಿದ್ದರೆ ಊರೇ ತಿದ್ದುತ್ತದೆ.

4. ಒಂದು ಪ್ರತಿ ಊರ ಗ್ರಂಥಾಲಯದಲ್ಲಿ ಉಳಿಯಲಿ. ಮುಂದಿನ ವರ್ಷ ಬರುವವರು ಅದನ್ನು ಓದಿ ಮುಂದುವರಿಸಲಿ.

5. ಹಳ್ಳಿಯ ವಿದ್ಯಾರ್ಥಿಗಳಿಗೆ ಅವರವರ ತಾಲೂಕಿನಲ್ಲಿಯೇ, ಕೂಲಿಗೆ ಕಡಿಮೆಯಾಗದ ಭತ್ಯೆ ಕೊಟ್ಟು ಈ ಕೆಲಸ ಕೊಡಿರಿ.

ರೈತ ಬಂಧುಗಳಿಗೂ ಒಂದು ಮಾತು. ಹುಡುಗರು ಬಂದು ಕೇಳಿದರೆ ‘ಏನ್ ಬರಕೊಂಡ್ ಏನ್ ಮಾಡ್ತೀರಿ’ ಅಂತ ಅಟ್ಟಬೇಡ್ರಿ. ಪಟ್ಟಿ, ಪಾಸ್‌ಬುಕ್ಕು ತೆಗೆದು ತೋರಿಸ್ರಿ. ನಾವೇ ನಮ್ಮ ಖರ್ಚು ಬರೆದಿಡದಿದ್ದರೆ, ನಮ್ಮ ಖರ್ಚು ಎಷ್ಟೆಂದು ಬೇರೆಯವರೇ ಹೇಳುತ್ತಾರೆ. ಅವರು ಹೇಳಿದ ಬೆಲೆಗೇ ನಾವು ಮಾರಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ಸಲದ ಬೇಸಿಗೆ ಮುಗಿದು ನೀವು ಹೋಗುತ್ತೀರಿ. ಹೋಗುವಾಗ ಜನವರಿಯ ದಿನಾಂಕ ಒಂದನ್ನು ಗೊತ್ತು ಮಾಡಿ ಹೋಗಿರಿ. ರಾಶಿಯ ಹೊತ್ತಿಗೆ ನಾವು ಹೊಲದಾಗೇ ಇರ್ತೀವಿ.