ಬಿಟ್ಟಿ ಲ್ಯಾಪ್‌ಟಾಪಿನ ಲೆಕ್ಕ

(ಕಣೇಕಲ್ಲಿನಲ್ಲಿ ಸೇರಿದ್ದ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಜೆಗೆಂದು ಊರಿಗೆ ಬಂದವರಲ್ಲಿ ನಾಲ್ಕೈದು ಮಂದಿ ಒಂದೇ ಬಗೆಯ ಕರಪತ್ರವನ್ನು ತಂದು ನಮಗೆ ತೋರಿಸಿದರು. ಎರಡು ವರ್ಷಕ್ಕೆ ಬ್ರಾಡ್‌ಬ್ಯಾಂಡ್ ಸಂಪರ್ಕ ತೆಗೆದುಕೊಂಡರೆ ಲ್ಯಾಪ್‌ಟಾಪ್ ಸಂಪೂರ್ಣ ಉಚಿತ ಎಂದು ಅದರಲ್ಲಿ ದೊಡ್ಡ ಅಕ್ಷರದಲ್ಲಿತ್ತು. ಕೆಳಗಿನ ಸಣ್ಣ ಅಕ್ಷರವೆಲ್ಲ ಇಂಗ್ಲಿಷಿನಲ್ಲಿ. ‘ಇದಕ್ಕೆ ಸಹಿ ಹಾಕಬಹುದೇ?’ ಎಂಬುದು ಅವರ ಪ್ರಶ್ನೆ. ಹಾಕಬಹುದು, ಹಾಕಬಾರದು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ವಿಷಯ ಇದಲ್ಲ. ಆದುದರಿಂದ ಇಂದು ಎಲ್ಲರೂ ಕೂತು ಲೆಕ್ಕ ಮಾಡೋಣ ಎಂದು ಈ ಮಾತನ್ನು ಎತ್ತಿಕೊಂಡಿದ್ದೇವೆ.

ಮಕ್ಕಳಿಗೆ ಲ್ಯಾಪ್‌ಟಾಪ್ ಬೇಕೇ ಬೇಡವೇ ಎಂಬ ಚರ್ಚೆ ಈಗ ಉಳಿದಿಲ್ಲ. ಡಿಪ್ಲೊಮಾ ಓದುವ ಹುಡುಗನಿಗೆ, ಬಿ.ಕಾಂ. ಓದುವ ಹುಡುಗಿಗೆ ಅದು ಬೇಕೇ ಬೇಕು. ಲೈನಿನ ಮನೆಯಲ್ಲಿ ಹುಟ್ಟಿದ ಮಗು ಲೈನಿನಲ್ಲೇ ಉಳಿಯಬಾರದು ಎಂದು ತಾಯಿ ತಂದೆ ಆಸೆಪಡುವುದು ನ್ಯಾಯವಾದದ್ದು. ಈ ಆಸೆಯನ್ನು ನೋಡಿಯೇ ಕರಪತ್ರ ಹಂಚುವವರು ನಮ್ಮ ಬಾಗಿಲಿಗೆ ಬರುತ್ತಾರೆ. ಆಸೆಯನ್ನು ಬಿಡಿರಿ ಎಂದು ನಾವು ಹೇಳುವುದಿಲ್ಲ. ಅದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದನ್ನು ತಿಳಿದು ಕೊಡೋಣ.

ನಮ್ಮ ಕನ್ನಡದಲ್ಲಿ ‘ಬಿಟ್ಟಿ’ ಎಂಬ ಮಾತಿಗೆ ಎರಡು ಅರ್ಥವಿದೆ. ದುಡ್ಡಿಲ್ಲದೆ ಸಿಕ್ಕಿದ್ದು ಬಿಟ್ಟಿ. ಕೂಲಿಯಿಲ್ಲದೆ ಮಾಡಿದ ಚಾಕರಿಯೂ ಬಿಟ್ಟಿಯೇ. ಒಬ್ಬನಿಗೆ ಬಿಟ್ಟಿ ಸಿಗಬೇಕಾದರೆ ಇನ್ನೊಬ್ಬ ಬಿಟ್ಟಿ ದುಡಿಯಬೇಕು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತೋ ಏನೋ! ತೋಟದ ಜನರಿಗಂತೂ ಇದು ಹೊಸದಲ್ಲ. ಹಿಂದೆ ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಮದುವೆಗೆ, ಕಾಯಿಲೆಗೆ, ಹಬ್ಬಕ್ಕೆ ಅದು ಕೈಗೆ ಬರುವಾಗ ಉಪಕಾರದಂತೆಯೇ ಇರುತ್ತಿತ್ತು. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟು ಹೋದವನನ್ನು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸಬಹುದು ಎಂಬ ಕಾಯಿದೆಯನ್ನು ಬ್ರಿಟಿಷರು 1859ರಲ್ಲೇ ಮಾಡಿದ್ದರು. ಅದನ್ನು ರದ್ದು ಮಾಡುವ ಕಾಯಿದೆ ಬಂದದ್ದು 1925ರಲ್ಲಿ. ಇಂದು ಇಂಟರ್ನೆಟ್ಟಿನ ಬಾಕಿಗೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ಹೆದರಬೇಡಿ. ಆದರೆ ಮೊದಲು ವಸ್ತುವನ್ನು ಕೈಗಿತ್ತು ಆಮೇಲೆ ಕಾಲನ್ನು ಕಟ್ಟುವ ರೀತಿ ಮಾತ್ರ ಅದೇ.

ಲ್ಯಾಪ್‌ಟಾಪನ್ನು ನಿಜವಾಗಿ ಉಚಿತವಾಗಿ ಕೊಟ್ಟದ್ದೂ ಉಂಟು. ತಮಿಳುನಾಡಿನಲ್ಲಿ 2011ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಟ್ಟರು. ನಮ್ಮ ಆಂಧ್ರದಲ್ಲಿ 2022ರ ಡಿಸೆಂಬರಿನಲ್ಲಿ ಸರ್ಕಾರಿ ಶಾಲೆಯ 8ನೇ ತರಗತಿಯ ಮಕ್ಕಳಿಗೆ ಟ್ಯಾಬ್ ಕೊಟ್ಟರು. ಅದಕ್ಕೂ ಮೊದಲು, 2021ರಲ್ಲಿ, ಅಮ್ಮ ಒಡಿ ಯೋಜನೆಯ 15,000 ರೂಪಾಯಿಗೆ ಬದಲಾಗಿ ಲ್ಯಾಪ್‌ಟಾಪ್ ಬೇಕೇ ಎಂದು 9ರಿಂದ 12ನೇ ತರಗತಿಯ ಮಕ್ಕಳ ತಾಯಂದಿರನ್ನು ಸರ್ಕಾರ ಕೇಳಿತ್ತು. ಆ ಪ್ರಶ್ನೆಯಲ್ಲಿ ಒಂದು ಪ್ರಾಮಾಣಿಕತೆ ಇತ್ತು ನೋಡಿ. ಇದು ಬೇಕಾದರೆ ಅದು ಇಲ್ಲ, ಅದರ ಬೆಲೆ ಇಷ್ಟು ಎಂದು ಮುಖದ ಮೇಲೆಯೇ ಬರೆದಿತ್ತು. ಕಂಪನಿಯ ಕರಪತ್ರದಲ್ಲಿ ಆ ಬೆಲೆಯನ್ನು ನಾವೇ ಹುಡುಕಿ ತೆಗೆಯಬೇಕು.

ಹುಡುಕುವುದು ಹೇಗೆ? ಎಲ್ಲರಿಗೂ ಬಹಿರಂಗವಾಗಿ ತಿಳಿದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2019ರ ಸೆಪ್ಟೆಂಬರಿನಲ್ಲಿ ಜಿಯೋ ಫೈಬರ್ ಶುರುವಾದಾಗ ತಿಂಗಳಿಗೆ 1,299 ರೂಪಾಯಿಯ ಯೋಜನೆಯನ್ನು ಎರಡು ವರ್ಷಕ್ಕೆ ತೆಗೆದುಕೊಂಡರೆ 24 ಇಂಚಿನ ಟಿ.ವಿ. ಉಚಿತ ಎಂದಿತ್ತು. ಆ ಟಿ.ವಿ.ಯ ಬೆಲೆ 12,990 ಎಂದು ಅವರೇ ಹೇಳಿದ್ದರು. ಅದೇ ಕಂಪನಿಯ ಅತಿ ಕಡಿಮೆ ಯೋಜನೆ ತಿಂಗಳಿಗೆ 699 ರೂಪಾಯಿ. ಎರಡಕ್ಕೂ ಇರುವ ವ್ಯತ್ಯಾಸ ತಿಂಗಳಿಗೆ 600. ಇಪ್ಪತ್ತನಾಲ್ಕು ತಿಂಗಳಿಗೆ 14,400. ತೆರಿಗೆ ಬೇರೆ. ಹೆಚ್ಚಿನ ಯೋಜನೆಯಲ್ಲಿ ವೇಗವೂ ಡೇಟಾವೂ ಹೆಚ್ಚು ಇತ್ತು, ಅದನ್ನು ನಾವು ಮರೆಮಾಚುವುದಿಲ್ಲ. ಆ ವೇಗ ಬೇಕಾಗಿದ್ದ ಅಂಗಡಿಯವನಿಗೆ ಅದು ಒಳ್ಳೆಯ ವ್ಯಾಪಾರವೇ ಆಗಿರಬಹುದು. ಆದರೆ 699ರ ಯೋಜನೆಯೇ ಸಾಕಾಗಿದ್ದ ಮನೆಯವರು ಟಿ.ವಿ.ಯ ಆಸೆಗೆ ಮೇಲಿನದನ್ನು ಹಿಡಿದಿದ್ದರೆ, 12,990ರ ಟಿ.ವಿ.ಗೆ 14,400 ಕೊಟ್ಟಂತಾಯಿತು.

ಅಮೆರಿಕದವರೂ ಇದೇ ಪಾಠ ಕಲಿತವರೇ. 1999ರಲ್ಲಿ ಅಲ್ಲಿ ಕಂಪ್ಯೂಸರ್ವ್ ಎಂಬ ಇಂಟರ್ನೆಟ್ ಕಂಪನಿಗೆ ಮೂರು ವರ್ಷ ಕಟ್ಟುಬಿದ್ದರೆ ಕಂಪ್ಯೂಟರಿನ ಬೆಲೆಯಲ್ಲಿ 400 ಡಾಲರ್ ಬಿಡುತ್ತಿದ್ದರು. ತಿಂಗಳಿಗೆ 21.95 ಡಾಲರ್ ಕಟ್ಟಬೇಕು. ಮೂರು ವರ್ಷಕ್ಕೆ ಅದು 790 ಡಾಲರ್ ದಾಟುತ್ತದೆ.

ಈಗ ನಿಮ್ಮ ಕರಪತ್ರಕ್ಕೆ ಬರೋಣ. ಲೆಕ್ಕ ತಿಳಿಯಲೆಂದು ಒಂದು ಅಂಕಿಯನ್ನು ಇಟ್ಟುಕೊಳ್ಳೋಣ. ಲ್ಯಾಪ್‌ಟಾಪ್ ಸೇರಿದ ಯೋಜನೆ ತಿಂಗಳಿಗೆ 999, ಲ್ಯಾಪ್‌ಟಾಪ್ ಇಲ್ಲದ ಸಾದಾ ಸಂಪರ್ಕ 499. ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಬೀಳುತ್ತದೆ. ಕರಪತ್ರದ ದೊಡ್ಡ ಅಕ್ಷರದಲ್ಲಿ ಇದನ್ನು ಸೇರಿಸಿರುವುದಿಲ್ಲ. ಆಗ 999 ಎಂಬುದು ಸುಮಾರು 1,179 ಆಗುತ್ತದೆ, 499 ಎಂಬುದು ಸುಮಾರು 589. ಇಪ್ಪತ್ತನಾಲ್ಕು ತಿಂಗಳಿಗೆ ಮೊದಲನೆಯದು 28,292 ರೂಪಾಯಿ, ಎರಡನೆಯದು 14,132. ವ್ಯತ್ಯಾಸ 14,160. ಇದೇ ನಿಮ್ಮ ಉಚಿತ ಲ್ಯಾಪ್‌ಟಾಪಿನ ಬೆಲೆ. ಈ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ರಾಯದುರ್ಗಕ್ಕೋ ಬಳ್ಳಾರಿಗೋ ಹೋಗಿ, ಅದೇ ಮಾದರಿಯ ಲ್ಯಾಪ್‌ಟಾಪಿಗೆ ಅಂಗಡಿಯಲ್ಲಿ ಎಷ್ಟು ಎಂದು ಕೇಳಿರಿ. ‘ಲ್ಯಾಪ್‌ಟಾಪ್’ ಎಂದಷ್ಟೇ ಕೇಳಿದರೆ ಆಗದು. ಮಾದರಿಯ ಹೆಸರು ಬೇಕು, ರ‍್ಯಾಮ್ ಎಷ್ಟು, ಸಂಗ್ರಹ ಎಷ್ಟು ಎಂಬುದು ಬೇಕು. 2023ರ ಆಗಸ್ಟಿನಲ್ಲಿ ಜಿಯೋಬುಕ್ ಎಂಬ ಸಣ್ಣ ಲ್ಯಾಪ್‌ಟಾಪ್ 16,499 ರೂಪಾಯಿಗೆ ಮಾರುಕಟ್ಟೆಗೆ ಬಂತು. ಅದರಲ್ಲಿ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ ಇತ್ತು. ಪಾಠದ ವಿಡಿಯೋ ನೋಡಲು, ಟೈಪು ಮಾಡಲು ಅಂಥದ್ದು ಸಾಕು. ಎಂಜಿನಿಯರಿಂಗ್ ಓದುವ ಮಗುವಿಗೆ ಸಾಲದು. ಉಚಿತವಾಗಿ ಕೊಡುವುದು ಇದಕ್ಕಿಂತ ಮೇಲಿನದೋ ಕೆಳಗಿನದೋ ಎಂದು ಮಗುವಿನ ಲೆಕ್ಚರರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಅವರಿಗೆ ಕಮಿಷನ್ ಇರುವುದಿಲ್ಲ.

ಇನ್ನೂ ಒಂದು ಪ್ರಶ್ನೆ ಉಂಟು, ಅದೇ ದೊಡ್ಡದು. ನಿಮಗೆ ಆ ಸಂಪರ್ಕ ಬೇಕಾಗಿತ್ತೇ? ಮನೆಯಲ್ಲಿ ಈಗಾಗಲೇ ಎರಡು ಮೊಬೈಲು ಇದೆ, ದಿನಕ್ಕಿಷ್ಟು ಎಂದು ಡೇಟಾ ಬರುತ್ತಿದೆ, ಮೊಬೈಲಿನಿಂದಲೇ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡಬಹುದು. ಹೀಗಿರುವಾಗ ವೈರಿನ ಸಂಪರ್ಕ ಬೇಡವಾಗಿದ್ದರೆ, ಲ್ಯಾಪ್‌ಟಾಪಿನ ಬೆಲೆ 14,160 ಅಲ್ಲ. ಪೂರ್ತಿ 28,292 ರೂಪಾಯಿಯೂ ಅದರದ್ದೇ ಬೆಲೆ.

‘ಒಟ್ಟಿಗೆ ಹದಿನಾಲ್ಕು ಸಾವಿರ ನಮ್ಮ ಕೈಯಲ್ಲಿ ಎಲ್ಲಿದೆ? ತಿಂಗಳಿಗೆ ಸ್ವಲ್ಪ ಸ್ವಲ್ಪ ಕಟ್ಟುವುದಾದರೆ ನಡೆದೀತು’ ಎಂದು ಒಬ್ಬ ಅಕ್ಕ ಹೇಳಿದರು. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಬಡವನಿಗೆ ಕಂತು ಎಂಬುದು ಒಂದು ಸೌಕರ್ಯ, ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಲ್ಲ. ಸಂಪರ್ಕವೂ ಬೇಕಿದ್ದು, ವ್ಯತ್ಯಾಸದ ಲೆಕ್ಕ ಅಂಗಡಿ ಬೆಲೆಗೆ ಸಮೀಪವಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ನಮ್ಮ ಸಂಪಾದನೆಯ ರೀತಿಯನ್ನೂ ನೋಡಬೇಕು. ಕಣೇಕಲ್ಲಿನಲ್ಲಿ ಎಚ್.ಎಲ್.ಸಿ. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಕೂಲಿ ಸಿಗುತ್ತದೆ, ಕಾಲುವೆ ಬತ್ತಿದಾಗ ಗುಳೆ ಹೋಗಬೇಕು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಪೀಸಿನ ಲೆಕ್ಕ. ತೋಟದಲ್ಲಿ ಕಾಫಿ ಕೊಯ್ಲಿನ ಕಾಲ ಬೇರೆ, ಮಳೆಗಾಲ ಬೇರೆ. ಕಂತಿಗೆ ಮಾತ್ರ ಕೊಯ್ಲೂ ಇಲ್ಲ, ಮಳೆಯೂ ಇಲ್ಲ. ಅದು ಹನ್ನೆರಡು ತಿಂಗಳೂ ಒಂದೇ ತಾರೀಕಿಗೆ ಬರುತ್ತದೆ.

ಗುಳೆಯ ಮಾತು ಬಂದದ್ದರಿಂದ ಒಂದು ಕುಟುಂಬದ ಸಂಗತಿ ಹೇಳಬೇಕು. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಕಾಫಿ ತೋಟದಲ್ಲಿ ದುಡಿಯುವ ಗಂಡ ಹೆಂಡತಿ, ಮಗ ಡಿಪ್ಲೊಮಾ ಓದುತ್ತಾನೆ. ಏಜೆಂಟನು ಸಂತೆಯ ದಿನ ಸಿಕ್ಕಿ, ಆಧಾರ್, ಪ್ಯಾನ್ ಕಾರ್ಡು ಪಡೆದು, ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನೂ ಕೇಳಿ ತೆಗೆದುಕೊಂಡ. ಲ್ಯಾಪ್‌ಟಾಪು ಬಂತು. ಸಂಪರ್ಕದ ವೈರು ಮಾತ್ರ ಬರಲಿಲ್ಲ. ಲೈನಿನ ಮನೆ ತೋಟದವರದ್ದು, ದಾರಿಯೂ ತೋಟದವರದ್ದು. ಕಂಬ ನೆಡಲು, ವೈರು ಎಳೆಯಲು ಮ್ಯಾನೇಜರರ ಅಪ್ಪಣೆ ಬೇಕು. ಅದು ಸಿಗುವ ಹೊತ್ತಿಗೆ ಮೂರು ತಿಂಗಳ ಹಣ ಬ್ಯಾಂಕಿನಿಂದ ಕಡಿತವಾಗಿತ್ತು. ಒಂದು ತಿಂಗಳು ಖಾತೆಯಲ್ಲಿ ಹಣ ಸಾಲದೆ ಹೋದಾಗ ಬ್ಯಾಂಕಿನ ದಂಡ ಬೇರೆ, ಅವರ ದಂಡ ಬೇರೆ. ಮರುವರ್ಷ ಬೇರೆ ತೋಟಕ್ಕೆ ಹೋಗಬೇಕಾಯಿತು. ಅಲ್ಲಿ ಆ ಕಂಪನಿಯ ಸಂಪರ್ಕವೇ ಇಲ್ಲ. ಕರಾರು ಮಾತ್ರ ಅವರ ಬೆನ್ನ ಹಿಂದೆಯೇ ನಡೆದು ಹೋಯಿತು. ಊರು ಬದಲಾಯಿಸುವ ಕೂಲಿಯವರಿಗೆ ನೆಲಕ್ಕೆ ಕಟ್ಟಿದ ಸಂಪರ್ಕವನ್ನು ಎರಡು ವರ್ಷಕ್ಕೆ ಮಾರುವುದು ಎಂಥ ವ್ಯಾಪಾರ!

ಆ ಕುಟುಂಬಕ್ಕೆ ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಅವರು ಸಹಿ ಹಾಕಿದ್ದು ಇಂಟರ್ನೆಟ್ಟಿನ ಕರಾರಿಗೆ ಮಾತ್ರವಲ್ಲ, ಲ್ಯಾಪ್‌ಟಾಪಿಗೆ ಒಂದು ಫೈನಾನ್ಸಿನಿಂದ ಅವರ ಹೆಸರಿನಲ್ಲಿ ಸಾಲ ಎತ್ತಲಾಗಿತ್ತು. ಇದನ್ನು ಬಹಳ ಎಚ್ಚರಿಕೆಯಿಂದ ನೋಡಬೇಕು. ಸಾಲವಾದರೆ ಅದು ಸಿಬಿಲ್ ದಾಖಲೆಗೆ ಹೋಗುತ್ತದೆ. ನಾಳೆ ಸಂಘದ ಸಾಲ, ಮನೆಯ ಸಾಲ ಕೇಳಿದಾಗ ಅಲ್ಲಿ ಎದ್ದು ಕೂರುತ್ತದೆ. ವೈರು ಬರಲಿಲ್ಲ ಎಂದು ಕಂತು ನಿಲ್ಲಿಸಿದರೆ ಫೈನಾನ್ಸಿನವರು ‘ವೈರಿಗೂ ನಮಗೂ ಸಂಬಂಧವಿಲ್ಲ’ ಎನ್ನುತ್ತಾರೆ.

ಇಲ್ಲಿ ರಿಸರ್ವ್ ಬ್ಯಾಂಕಿನ ಒಂದು ನಿಯಮ ನಮ್ಮ ಕೈಗೆ ಬಂದಿದೆ. 2024ರ ಏಪ್ರಿಲಿನಲ್ಲಿ ಹೊರಡಿಸಿ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ತಂದ ಆದೇಶದಂತೆ, ಇಂಥ ಸಾಲ ಕೊಡುವ ಬ್ಯಾಂಕು, ಫೈನಾನ್ಸು ಯಾವುದೇ ಆಗಲಿ, ಬಡ್ಡಿ, ಶುಲ್ಕ ಎಲ್ಲವನ್ನೂ ಸೇರಿಸಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ನಾವು ಗಡಿಯ ಜನ. ಕಚೇರಿ ತೆಲುಗಿನಲ್ಲಿ, ಕರಾರು ಇಂಗ್ಲಿಷಿನಲ್ಲಿ, ಮನೆ ಕನ್ನಡದಲ್ಲಿ. ‘ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದುತ್ತೇವೆ’ ಎಂದು ಧೈರ್ಯವಾಗಿ ಕೇಳಿರಿ. ಅದು ನಾವು ಬೇಡುವ ಭಿಕ್ಷೆಯಲ್ಲ. ‘ಬಡ್ಡಿಯೇ ಇಲ್ಲ’ ಎನ್ನುವವರಿಗೂ ಒಂದು ಉತ್ತರವಿದೆ. ಶೂನ್ಯ ಬಡ್ಡಿ ಎಂಬುದೇ ಇರುವುದಿಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಅಡಗಿಸಿರುತ್ತಾರೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು.

‘ಉಚಿತ’ ಎಂಬ ಮಾತಿಗೂ ಈಗ ಲಗಾಮು ಇದೆ. 2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಜಾಹೀರಾತುಗಳ ಬಗ್ಗೆ ನಿಯಮ ಮಾಡಿದೆ. ಒಂದು ಕಟ್ಟಿನ ಬೆಲೆಯಲ್ಲಿ ವಸ್ತುವಿನ ಬೆಲೆಯೂ ಸೇರಿದ್ದರೆ ಆ ವಸ್ತುವನ್ನು ಉಚಿತ ಎಂದು ಕರೆಯಕೂಡದು, ಉಚಿತ ಪಡೆಯಲು ಗ್ರಾಹಕ ಎಷ್ಟಕ್ಕೆ ಕಟ್ಟುಬೀಳಬೇಕು ಎಂಬುದನ್ನು ಸ್ಪಷ್ಟಪಡಿಸಬೇಕು ಎಂದು ಅದರಲ್ಲಿದೆ. ಆದುದರಿಂದ ಕರಪತ್ರವನ್ನು ಬಿಸಾಡಬೇಡಿ. ಏಜೆಂಟನ ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಕರಪತ್ರಕ್ಕೆ ಇರುತ್ತದೆ.

ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಸಹಿಗೆ ಮೊದಲೇ ಕೇಳಬೇಕು. 2017ರ ಜಿಯೋಫೋನ್ ನಿಮಗೆಲ್ಲ ನೆನಪಿದೆ. 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ಫೋನ್ ಹಿಂದಿರುಗಿಸಿದರೆ ಠೇವಣಿ ವಾಪಸು, ಆದುದರಿಂದ ಫೋನ್ ಪುಕ್ಕಟೆ ಎಂದರು. ಷರತ್ತು ಓದಿದಾಗ ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಲೇಬೇಕು ಎಂದಿತ್ತು. ಮೂರು ವರ್ಷಕ್ಕೆ 4,500. ಮೊದಲ ವರ್ಷದಲ್ಲೇ ಹಿಂದಿರುಗಿಸಿದರೆ 1,500, ಎರಡನೆಯ ವರ್ಷವಾದರೆ 1,000, ಮೂರನೆಯ ವರ್ಷವಾದರೆ 500 ರೂಪಾಯಿ ಕಳೆಯುತ್ತಿದ್ದರು, ಮೇಲೆ ತೆರಿಗೆ. ಅದು ಸಣ್ಣ ಮೊತ್ತ. ಲ್ಯಾಪ್‌ಟಾಪಿನ ಕರಾರಿನಲ್ಲಿ ಈ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿರಿ. ಎರಡು ವರ್ಷ ಮುಗಿಯುವತನಕ ಲ್ಯಾಪ್‌ಟಾಪ್ ಯಾರದು, ನಮ್ಮದೋ ಕಂಪನಿಯದೋ? ನಾಲ್ಕನೆಯ ತಿಂಗಳಿಗೆ ಕೆಟ್ಟರೆ ರಿಪೇರಿ ಯಾರದು? ಬಿಲ್ಲು ಯಾರ ಹೆಸರಿನಲ್ಲಿ? ಸಂಪರ್ಕ ಶುರುವಾದ ದಿನದಿಂದ ಹಣವೋ, ಸಹಿ ಹಾಕಿದ ದಿನದಿಂದಲೋ? ಇವಕ್ಕೆ ಉತ್ತರ ಕಾಗದದಲ್ಲಿ ಇಲ್ಲದಿದ್ದರೆ ಉತ್ತರವೇ ಇಲ್ಲ ಎಂದು ತಿಳಿಯಿರಿ. ಓ.ಟಿ.ಪಿ. ಹೇಳುವುದೆಂದರೆ ಹೆಬ್ಬೆಟ್ಟು ಒತ್ತಿದಂತೆಯೇ. ಹೆಬ್ಬೆಟ್ಟಿನ ಕಾಲ ಹೋಯಿತು ಎಂದುಕೊಂಡಿದ್ದೆವು, ಅದು ಮೊಬೈಲಿನಲ್ಲಿ ಮರಳಿ ಬಂದಿದೆ.

ಈಗಾಗಲೇ ಸಹಿ ಹಾಕಿದವರು ಏನು ಮಾಡಬೇಕು? ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಬರೆದಿಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದೂ ಸಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಫೋನ್, ಇಂಟರ್ನೆಟ್ ವಿಷಯ ಅಲ್ಲಿ ನಡೆಯುವುದಿಲ್ಲ ಎಂದು ಕಂಪನಿಯವರು ವಾದಿಸುತ್ತಿದ್ದರು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆಯೂ ನಾವೇ ನಿಂತು ಹೇಳಬಹುದು. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. 2019ರ ಕಾಯಿದೆಯ ಪ್ರಕಾರ ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೊಡಬಹುದು. ಊರಲ್ಲಿ ಇರುವವರಿಗೆ ಅನಂತಪುರ, ಕೊಡಗಿನ ತೋಟದಲ್ಲಿ ಇರುವವರಿಗೆ ಮಡಿಕೇರಿ. ಕಂಪನಿಯ ಕಚೇರಿ ಮುಂಬಯಿಯಲ್ಲಿ ಇದೆ ಎಂದು ಅಲ್ಲಿಗೆ ಓಡಬೇಕಾಗಿಲ್ಲ.

ಕರಪತ್ರ, ಕರಾರು, ಬ್ಯಾಂಕಿನ ಪಾಸ್‌ಬುಕ್ಕು ತಂದಿರುವವರು ಊಟದ ಮೇಲೆ ಇಲ್ಲೇ ಉಳಿಯಿರಿ. ಓದು ಬಲ್ಲ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಒಂದೊಂದಾಗಿ ಓದಿ, ಇಪ್ಪತ್ತನಾಲ್ಕರಿಂದ ಗುಣಿಸಿ ನೋಡೋಣ.