ಹಬ್ಬದ ಮಾರನೆಯ ದಿನ
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಳೆ ಬೆಳಗ್ಗೆ ಈ ಚಪ್ಪರ ಬಿಚ್ಚುತ್ತಾರೆ, ಮೈಕಿನವರು ಸಾಮಾನು ಕಟ್ಟಿಕೊಂಡು ಹೋಗುತ್ತಾರೆ. ಆಮೇಲೆ ಊರು ಬಿಕೋ ಅನ್ನುತ್ತೆ ಅಂತ ನಮ್ಮಲ್ಲಿ ಕೆಲವರಿಗೆ ಈಗಲೇ ಬೇಜಾರು. ಅಂಥವರು ನಾವು ಸೊಪ್ಪು, ಹೂವು ಹಾಕಲು ಹೋಗುವ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ನೆನೆಯಬೇಕು.

1933ರಲ್ಲಿ ಇಸ್ಮಾಯಿಲ್ ಸೇಟ್ ಅವರು ಉದ್ಘಾಟಿಸಿದ ಕಟ್ಟಡ ಅದು. ಹತ್ತಿರದಲ್ಲೇ ಸಂತ ಮೇರಿ ಬೆಸಿಲಿಕಾ. ಆಗಸ್ಟ್ 29ಕ್ಕೆ ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ತೇರಿನ ತನಕ ಕಾವಿ ಉಟ್ಟ ಭಕ್ತರು, ಮೇಣದ ಬತ್ತಿ, ಹಾರಗಳು, ಕಾಲಿಡಲು ಜಾಗವಿಲ್ಲ. ರಂಜಾನ್ ತಿಂಗಳ ಸಂಜೆಗಳಂತೂ ಕೇಳಲೇಬೇಡಿ.

ಆದರೆ ಸೆಪ್ಟೆಂಬರ್ 9ರ ಬೆಳಗ್ಗೆ ಅಲ್ಲಿಗೆ ಹೋಗಬೇಕು. ಬಾಡಿದ ಹೂವು ಗುಡಿಸುತ್ತಿರುತ್ತಾರೆ. ಏರಿದ್ದ ಹೂವಿನ ದರ ಇಳಿದಿರುತ್ತೆ, ಅದೊಂದು ಮಾತ್ರ ನಮಗೆ ಹಿಡಿಸದು! ಒಬ್ಬರು ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತಿರುತ್ತಾರೆ. ನಿನ್ನೆ ತಲೆ ಎತ್ತಲು ಪುರುಸೊತ್ತಿಲ್ಲದ ಅಂಗಡಿಯವರು ಇವತ್ತು, "ಬನ್ನಿ ಗೌಡ್ರೇ, ಟೀ ಕುಡಿಯೋಣ. ಊರ ಕಡೆ ಮಳೆ ಹೆಂಗೆ?" ಅಂತಾರೆ. ಆ ಅರ್ಧ ಲೋಟ ಟೀಯ ರುಚಿ ತೇರಿನ ದಿನ ಸಿಗುವುದಿಲ್ಲ.

2012ರ ಫೆಬ್ರವರಿ 25ರಂದು ಬೆಂಕಿ ಬಿದ್ದು ಅಲ್ಲಿನ ಎಷ್ಟೋ ಮಳಿಗೆಗಳು ಸುಟ್ಟುಹೋದವು. ಆಗ ನಾವು ಹಂಬಲಿಸಿದ್ದು ಹಬ್ಬಕ್ಕಲ್ಲ. ಎಂದಿನ ಹಾಗೆ ತಕ್ಕಡಿ ಏಳುವ, ದರಕ್ಕೆ ಜಗಳವಾಡುವ ಒಂದು ಸಾದಾ ಬೆಳಗ್ಗೆಗೆ. ವ್ಯಾಪಾರಿಗಳು ಮತ್ತೆ ಅಂಗಡಿ ಹಾಕಿದ ಮೇಲೆ ಚೌಕಾಸಿಯ ಗದ್ದಲ ಕೇಳಿ ನಮಗೆ ಜೀವ ಬಂದಂತಾಯಿತು.

ನಾಳೆ ಬೆಳಗ್ಗೆ ಡೈರಿಯಲ್ಲಿ ಹಾಲು ಅಳೆಯುವುದು ಇದ್ದೇ ಇದೆ. ಕ್ಯಾನು ಹಿಡಿದು ಬಂದವರು ಎರಡು ಮಾತಾಡಿ ಹೋಗಿ.